ಖಾಲಿ ಚೀಲ

ನಮ್ಮ ಅಬಲೂರಿನಲ್ಲಿ ಹಾದಿಯ ಮೇಲೆ ಯಾರೇ ಎದುರಾಗಲಿ, ಮೊದಲು ಕೇಳುವ ಮಾತು ಒಂದೇ: ‘ಎಲ್ಲಿಗೆ ಹೊಂಟ್ರಿ?’ ಇದೇನೂ ವಿಚಾರಣೆಯಲ್ಲ, ‘ಆರಾಮ ಇದ್ದೀರಾ’ ಎಂದು ಕೇಳಿದ ಹಾಗೆಯೇ ಇದೂ ಒಂದು ಎಂದು ನೀವು ಹೇಳಬಹುದು. ನಿಜ. ಆದರೆ ಆರಾಮ ಇದ್ದೀರಾ ಎಂದವರಿಗೆ ‘ಹೂಂ’ ಎಂದರೆ ಮುಗಿಯಿತು. ಇದಕ್ಕೆ ಹಾಗಲ್ಲ, ಒಂದು ಊರನ್ನೋ ಒಂದು ಮನೆಯನ್ನೋ ಹೆಸರಿಸಬೇಕು. ಗಿರಣಿಗೆ, ಅಂಗಡಿಗೆ, ಗುಡಿಗೆ, ತಂಗಿಯ ಮನೆಗೆ. ಈ ನಾಲ್ಕರಲ್ಲಿ ಯಾವುದನ್ನು ಹೇಳಿದರೂ ಹೆಂಗಸಿಗೆ ಹಾದಿ ಸಿಗುತ್ತದೆ. ಐದನೆಯ ಉತ್ತರವನ್ನು ಐವತ್ತು ದಾಟುವವರೆಗೂ ನಾನು ಹುಡುಕಿರಲಿಲ್ಲ. ಹುಡುಕುವ ಪ್ರಸಂಗವೇ ಬಂದಿರಲಿಲ್ಲ.

ಪ್ರಸಂಗ ಬಂದದ್ದು ಸಕ್ಕರೆಯ ರೂಪದಲ್ಲಿ. ನಾಲ್ಕು ವರ್ಷದ ಹಿಂದಿನ ಮಾತು. ಶಾಲೆಯಲ್ಲಿ ಮೂರನೆಯ ಪಿರಿಯಡ್ಡಿಗೆಲ್ಲ ಗಂಟಲು ಒಣಗುತ್ತಿತ್ತು. ರಾತ್ರಿ ಮೂರು ನಾಲ್ಕು ಸಲ ಎದ್ದು ಬಚ್ಚಲಿಗೆ ಹೋಗಬೇಕಾಗುತ್ತಿತ್ತು. ಬಿಸಿಲಿಗೆ, ವಯಸ್ಸಿಗೆ ಎಂದುಕೊಂಡು ಐದಾರು ತಿಂಗಳು ಕಳೆದೆ. ಕೊನೆಗೆ ಖಾಲಿಹೊಟ್ಟೆಯ ರಕ್ತಪರೀಕ್ಷೆ ಮಾಡಿಸಿದಾಗ 212 ಎಂದು ಬಂತು. ಡಾಕ್ಟರು ಚೀಟಿ ಬರೆದುಕೊಟ್ಟು, ‘ಗುಳಿಗಿ ನಾನು ಬರದೀನ್ರಿ ಅಕ್ಕಾರ, ನಡಿಯೂದು ನಿಮ್ಮ ಪಾಲಿಗೆ ಬಿಟ್ಟಿದ್ದು. ದಿನಾ ಅರ್ಧ ತಾಸು, ವಾರಕ್ಕ ಐದು ದಿವಸ’ ಎಂದರು. ನಾನು ನಕ್ಕೆ. ‘ದಿನವಿಡೀ ನಿಂತೇ ಪಾಠ ಮಾಡ್ತೀನ್ರಿ. ಮನಿಯೊಳಗೂ ಕುಂತದ್ದು ಕಮ್ಮಿ’ ಎಂದೆ. ಅವರು ನಗಲಿಲ್ಲ. ‘ನಿಂತಿದ್ದು ನಡಿಗಿ ಅಲ್ಲ’ ಎಂದರು.

ನಿಂತದ್ದು ನಡಿಗೆಯಲ್ಲ ಎಂಬುದು ಎಷ್ಟು ಸರಳವಾದ ಮಾತು! ನಮ್ಮ ಹೆಣ್ಣುಮಕ್ಕಳ ಅರ್ಧ ಆಯುಷ್ಯ ಒಲೆಯ ಮುಂದೆ ನಿಂತು ಕಳೆಯುತ್ತದೆ, ಇನ್ನರ್ಧ ಒಳಗಿಂದ ಹೊರಗೆ, ಹೊರಗಿಂದ ಒಳಗೆ ಹತ್ತು ಹತ್ತು ಹೆಜ್ಜೆ ಓಡಾಡಿ ಕಳೆಯುತ್ತದೆ. ಸಂಜೆಗೆ ಕಾಲು ಕಟ್ಟಿಕೊಂಡು ಬರುತ್ತವೆ. ಆದರೆ ರಕ್ತದಲ್ಲಿರುವ ಸಕ್ಕರೆಗೆ ಆ ದಣಿವು ಸಾಲದು. ಅದು ಬೇರೆಯೇ ಒಂದು ಲೆಕ್ಕ ಕೇಳುತ್ತದೆ.

ಆ ಲೆಕ್ಕವನ್ನು ನಾನು ಮಕ್ಕಳಿಗೆ ಹೇಳುವ ರೀತಿಯಲ್ಲಿಯೇ ನಿಮಗೂ ಹೇಳುತ್ತೇನೆ. ನಾವು ಉಂಡ ಅನ್ನ, ರೊಟ್ಟಿ ಸಕ್ಕರೆಯಾಗಿ ರಕ್ತಕ್ಕೆ ಬರುತ್ತದೆ. ರಕ್ತದಿಂದ ಮಾಂಸಖಂಡದೊಳಗೆ ಹೋಗಬೇಕಾದರೆ ಬಾಗಿಲು ತೆಗೆಯುವವರು ಬೇಕು. ಆ ಕೆಲಸ ಇನ್ಸುಲಿನ್ನಿನದು. ನನ್ನಂಥವರ ದೇಹದಲ್ಲಿ ಇನ್ಸುಲಿನ್ ಬಾಗಿಲು ಬಡಿದರೂ ಒಳಗಿನವರಿಗೆ ಸರಿಯಾಗಿ ಕೇಳಿಸುವುದಿಲ್ಲ. ಸಕ್ಕರೆ ಬೀದಿಯಲ್ಲೇ ಉಳಿಯುತ್ತದೆ. ಆದರೆ ಬಿರುಸಾಗಿ ನಡೆಯುವಾಗ ಕಾಲಿನ ದೊಡ್ಡ ಮಾಂಸಖಂಡಗಳು ಬಿಗಿದು ಸಡಿಲವಾಗುತ್ತವಲ್ಲ, ಆಗ ಅವು ಇನ್ಸುಲಿನ್ನಿಗೆ ಕಾಯದೆ ತಾವೇ ಹಿತ್ತಲ ಬಾಗಿಲು ತೆರೆದು ಸಕ್ಕರೆಯನ್ನು ಒಳಗೆ ಎಳೆದುಕೊಳ್ಳುತ್ತವೆ. ನಡೆದು ಮುಗಿದ ಮೇಲೂ ಒಂದು ದಿನ, ಹೆಚ್ಚೆಂದರೆ ಎರಡು ದಿನ, ಇನ್ಸುಲಿನ್ನಿನ ಮಾತು ಅವುಗಳಿಗೆ ಮೊದಲಿಗಿಂತ ಚೆನ್ನಾಗಿ ಕೇಳಿಸುತ್ತದೆ. ಅದಕ್ಕೇ ಎರಡು ದಿನಕ್ಕಿಂತ ಹೆಚ್ಚು ಸಾಲಾಗಿ ತಪ್ಪಿಸಬೇಡಿ ಎನ್ನುತ್ತಾರೆ. ವಾರಕ್ಕೆ 150 ನಿಮಿಷ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಿರುವ ಅಳತೆ. ‘ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು’ ಎಂಬ ಗಾದೆಯನ್ನು ನಾನು ದುಡ್ಡಿನ ವಿಷಯವೆಂದೇ ಇಷ್ಟು ವರ್ಷ ಕಲಿಸಿದ್ದೆ. ಈಗ ಅದಕ್ಕೆ ಇನ್ನೊಂದು ಅರ್ಥ ಸೇರಿತು.

ಲೆಕ್ಕವೇನೋ ತಿಳಿಯಿತು. ಮರುದಿನ ಸಂಜೆ ಚಪ್ಪಲಿ ಮೆಟ್ಟಿ ಹೊಸ್ತಿಲ ಹತ್ತಿರ ಬಂದು ನಿಂತೆ. ಹೊಸ್ತಿಲು ದಾಟುವುದಕ್ಕೆ ಆಗಲಿಲ್ಲ. ಕಟ್ಟೆಯ ಮೇಲೆ ನಾಲ್ಕು ಜನ ಕೂತಿದ್ದರು. ‘ಎಲ್ಲಿಗೆ ಹೊಂಟ್ರಿ ಅಕ್ಕಾರ?’ ಎಂದು ಕೇಳಿಯೇ ಕೇಳುತ್ತಾರೆ. ಏನು ಹೇಳಲಿ? ಒಳಗೆ ಬಂದು ಗೂಟಕ್ಕೆ ತೂಗುಹಾಕಿದ್ದ ಕೈಚೀಲ ತೆಗೆದುಕೊಂಡೆ. ಅದರಲ್ಲಿ ಏನೂ ಇರಲಿಲ್ಲ. ಅದನ್ನು ಹಿಡಿದುಕೊಂಡು ಧೈರ್ಯವಾಗಿ ಹೊರಗೆ ಬಂದೆ. ‘ಅಂಗಡಿಗೆ’ ಎಂದೆ. ಅಂಗಡಿ ದಾಟಿದ ಮೇಲೆ ಎದುರಾದವರಿಗೆ ‘ಗುಡಿಗೆ’ ಎಂದೆ. ಸೋಮೇಶ್ವರ ಗುಡಿ ದಾಟಿ ಹೊಲದ ಹಾದಿ ಹಿಡಿದ ಮೇಲೆ ಸಿಕ್ಕವರಿಗೆ ಏನು ಹೇಳಿದೆನೋ ಈಗ ನೆನಪಿಲ್ಲ.

ಹೀಗೆ ಎರಡು ತಿಂಗಳು ಖಾಲಿ ಚೀಲ ಹಿಡಿದು ನಡೆದೆ. ಪುಣ್ಯಕೋಟಿಯ ಕಥೆ ಹೇಳಿ ಮಕ್ಕಳ ಕಣ್ಣಲ್ಲಿ ನೀರು ತರಿಸುವ ನಾನು ದಿನಕ್ಕೆ ಮೂರು ಸುಳ್ಳಿನಂತೆ ಹೇಳುತ್ತ ಆರೋಗ್ಯ ಸಂಪಾದಿಸುತ್ತಿದ್ದೆ. ಒಂದು ದಿನ ನಮ್ಮ ಓಣಿಯ ಆರನೆಯ ತರಗತಿಯ ಹುಡುಗಿಯೊಬ್ಬಳು ನನ್ನ ಹಿಂದೆ ಸ್ವಲ್ಪ ದೂರ ಓಡಿಬಂದು, ‘ಅಕ್ಕಾರ, ನಿಮ್ಮ ಚೀಲ ಹೋಗಾಗೂ ಖಾಲಿ, ಬರಾಗೂ ಖಾಲಿ ಇರ್ತೈತಲ್ರೀ, ಯಾಕ್ರೀ?’ ಎಂದಳು. ಮಕ್ಕಳಿಗೆ ಪ್ರಶ್ನೆ ಕೇಳಲು ಕಲಿಸಿದವಳು ನಾನೇ. ಆ ಪ್ರಶ್ನೆಗೆ ಉತ್ತರ ಹೇಳಲಾರದೆ ‘ಮನೀಗೆ ಹೋಗು, ಕತ್ತಲಾತು’ ಎಂದು ಗದರಿಸಿ ಕಳಿಸಿದೆ. ಕತ್ತಲಾಗಿರಲಿಲ್ಲ.

ಅವತ್ತು ರಾತ್ರಿ ಯೋಚನೆ ಹತ್ತಿತು. ಈ ಸುಳ್ಳಿನಿಂದ ಯಾರಿಗೂ ನಷ್ಟವಿಲ್ಲ, ಒಪ್ಪಿದೆ. ಆದರೆ ಹೇಳಬೇಕೆಂದು ಯಾಕೆ ಅನ್ನಿಸಿತು? ಅದೇ ಹಾದಿಯಲ್ಲಿ ಎಷ್ಟೋ ಗಂಡಸರು ಕೈ ಹಿಂದೆ ಕಟ್ಟಿಕೊಂಡು ಹೋಗುತ್ತಾರೆ. ‘ಎಲ್ಲಿಗೆ’ ಎಂದರೆ ‘ಹಿಂಗ ಸುಮ್ಮನ’ ಎನ್ನುತ್ತಾರೆ. ಸುಮ್ಮನೆ ಎಂಬುದು ಅವರಿಗೆ ಒಂದು ಊರಿನ ಹೆಸರಿದ್ದ ಹಾಗೆ. ಅಲ್ಲಿಗೆ ಯಾವಾಗ ಬೇಕಾದರೂ ಹೋಗಿ ಬರಬಹುದು. ಆ ಊರಿನ ಹಾದಿ ನಮಗೆ ಯಾರೂ ಮುಚ್ಚಿದ್ದಲ್ಲ. ಕಟ್ಟೆಯ ಮೇಲಿನವರು ನನ್ನನ್ನು ತಡೆಯುತ್ತಿದ್ದರೆಂದು ಹೇಳಿದರೆ ಅನ್ಯಾಯವಾದೀತು. ತಡೆದದ್ದು ನನ್ನೊಳಗಿನ ಒಂದು ಲೆಕ್ಕಪುಸ್ತಕ. ನನ್ನ ದಿನದ ಪ್ರತಿ ಅರ್ಧ ತಾಸೂ ಯಾರದೋ ಒಬ್ಬರ ಖಾತೆಗೆ ಜಮೆಯಾಗಬೇಕು, ಗಂಡನದೋ ಮಕ್ಕಳದೋ ಅತ್ತೆಯದೋ ಶಾಲೆಯದೋ ದೇವರದೋ. ನನ್ನ ಹೆಸರಿನ ಖಾತೆಯೇ ಆ ಪುಸ್ತಕದಲ್ಲಿರಲಿಲ್ಲ.

ಆ ಪುಸ್ತಕ ನನಗೆ ಬಂದದ್ದು ಅವ್ವನಿಂದ.

ಅವ್ವನಿಗೂ ಸಕ್ಕರೆ ಕಾಯಿಲೆ ಇತ್ತು. ‘ನನಗೇನಾಗೈತಿ, ಗಟ್ಟಿಮುಟ್ಟು ಅದೀನಿ’ ಎಂಬುದು ಅವಳ ಕೊನೆಯವರೆಗಿನ ಮಾತು. ಗುಳಿಗೆ ನೆನಪಾದರೆ ನುಂಗುವಳು. ಮನೆಯಲ್ಲಿ ಬಂದವರು ಹೋದವರು ಹೆಚ್ಚಾದ ದಿನ ನೆನಪಾಗುತ್ತಿರಲಿಲ್ಲ. ಎಲ್ಲರ ಊಟವಾದ ಮೇಲೆ ಮೂರು ಗಂಟೆಗೆ ಉಳಿದದ್ದನ್ನು ಉಣ್ಣುವಳು. ಅವಳ ಎಡಗಾಲಿನ ಹೆಬ್ಬೆರಳಿಗೆ ಒಲೆಯ ಕೆಂಡ ಸಿಡಿದು ಸುಟ್ಟಿತ್ತು. ನೋವಾಗಲಿಲ್ಲ, ಹಾಗಾಗಿ ಯಾರಿಗೂ ಹೇಳಲಿಲ್ಲ. ನೋವಾಗದಿರುವುದೇ ರೋಗದ ಗುರುತು ಎಂದು ನಮಗಾರಿಗೂ ಗೊತ್ತಿರಲಿಲ್ಲ. ಬಹಳ ವರ್ಷ ಸಕ್ಕರೆ ಏರಿದ್ದರೆ ಪಾದದ ನರಗಳು ಮಂಕಾಗುತ್ತವೆ. ಮುಳ್ಳು ಚುಚ್ಚಿದರೂ ಕೆಂಡ ಬಿದ್ದರೂ ಸುದ್ದಿ ಮೇಲೆ ತಲುಪುವುದಿಲ್ಲ. ರಕ್ತದ ಓಡಾಟವೂ ಕಡಿಮೆಯಾಗಿ ಗಾಯ ಮಾಯುವುದಿಲ್ಲ. ವಾಸನೆ ಬಂದ ಮೇಲೆ ನಮಗೆ ತಿಳಿಯಿತು. ಮೊದಲು ಬೆರಳು ತೆಗೆದರು, ಆಮೇಲೆ ಪಾದ ತೆಗೆದರು. ಕೊನೆಯ ಎರಡು ವರ್ಷ ಅವ್ವ ಹಾಸಿಗೆಯಲ್ಲಿದ್ದಳು. ಯಾರಿಗೂ ತೊಂದರೆ ಕೊಡಬಾರದೆಂದು ಜೀವಮಾನವಿಡೀ ನೋವು ಮುಚ್ಚಿಟ್ಟವಳು ನೀರಿನ ತಂಬಿಗೆಗೂ ಇನ್ನೊಬ್ಬರನ್ನು ಕರೆಯಬೇಕಾಯಿತು. ‘ನಿಮಗೆಲ್ಲ ಭಾರ ಆದೆ’ ಎಂದು ಅಳುವಳು. ನಾವು ‘ಇಲ್ಲ ಅವ್ವಾ’ ಎನ್ನುತ್ತಿದ್ದೆವು. ನಿಜ ಹೇಳಬೇಕೆಂದರೆ ಕೆಲವು ದಿನ ಭಾರವಾಗಿತ್ತು. ಇದನ್ನು ಬರೆಯುವಾಗ ಕೈ ತಡೆಯುತ್ತದೆ. ಆದರೂ ಬರೆಯುತ್ತೇನೆ.

ಇಲ್ಲಿಂದ ಒಂದು ವಾದ ಸುಲಭವಾಗಿ ಹುಟ್ಟುತ್ತದೆ. ‘ನಾನು ನಡೆಯುವುದು ಸ್ವಾರ್ಥವಲ್ಲ. ನಾನು ಗಟ್ಟಿಯಾಗಿದ್ದರೆ ಮನೆಯವರಿಗೇ ಅನುಕೂಲ. ನಾಳೆ ಅವರಿಗೆ ಭಾರವಾಗಬಾರದೆಂದು ಇವತ್ತು ಅರ್ಧ ತಾಸು ತೆಗೆದುಕೊಳ್ಳುತ್ತೇನೆ.’ ಈ ವಾದವನ್ನು ನಾನು ಮನೆಯಲ್ಲಿ ಮಂಡಿಸಿದೆ. ಎಲ್ಲರೂ ತಲೆದೂಗಿದರು. ನನ್ನ ಯಜಮಾನರಂತೂ ‘ಹೌದು ಮತ್ತ, ನೀನು ಮಲಗಿದರೆ ಮನಿ ನಡಿಯೂದು ಹೆಂಗ?’ ಎಂದರು. ವಾದ ಗೆದ್ದಿತು. ಆದರೆ ಗೆದ್ದ ಮೇಲೆ ಅದು ಯಾಕೋ ರುಚಿಸಲಿಲ್ಲ. ಎತ್ತಿಗೆ ಲಾಳ ಹೊಡೆಸುವಾಗಲೂ ಇದೇ ವಾದ ಹೇಳುತ್ತಾರಲ್ಲ!

ಒಂದು ಮನೆಯನ್ನು ಊಹಿಸಿಕೊಳ್ಳಿ. ಗಂಡನಿಲ್ಲದ, ಮಕ್ಕಳಿಲ್ಲದ ಒಬ್ಬ ಹೆಣ್ಣುಮಗಳು ಇದ್ದಾಳೆ. ಅವಳು ನಡೆದರೆ ಯಾರ ಮನೆಗೂ ಲಾಭವಿಲ್ಲ, ಮಲಗಿದರೆ ಯಾರ ಒಲೆಯೂ ಆರುವುದಿಲ್ಲ. ಹಾಗಾದರೆ ಅವಳ ಕಾಲಿಗೆ ಬೆಲೆ ಇಲ್ಲವೇ? ಅವಳ ಪಾದ ಮರಗಟ್ಟಿದರೆ ಚಿಂತೆ ಇಲ್ಲವೇ? ಇದೆ ಎಂದು ನಾವೆಲ್ಲರೂ ಹೇಳುತ್ತೇವೆ. ಅಂದಮೇಲೆ ದೇಹ ಕಾಪಾಡಿಕೊಳ್ಳುವುದಕ್ಕೆ ‘ಇನ್ನೊಬ್ಬರ ಉಪಯೋಗ’ ಎಂಬುದು ಒಂದು ಕಾರಣವಾದೀತೇ ಹೊರತು ಮೂಲ ಕಾರಣವಾಗಲಾರದು. ಜೀವ ಇದೆ, ಆದ್ದರಿಂದ ಅದನ್ನು ನೋಡಿಕೊಳ್ಳಬೇಕು ಎಂಬುದೇ ಮೊದಲಿನದು. ಬೇರೆಯವರ ಜೀವದ ವಿಷಯದಲ್ಲಿ ಇದನ್ನು ನಾವು ಒಂದು ಕ್ಷಣದಲ್ಲಿ ಒಪ್ಪುತ್ತೇವೆ. ನಮ್ಮ ಜೀವದ ವಿಷಯ ಬಂದಾಗ ಮಾತ್ರ ಸಾಕ್ಷಿ ಪುರಾವೆ ಕೇಳುತ್ತೇವೆ.

ಇದೇ ಸಮಯದಲ್ಲಿ ಆಯುರ್ವೇದದ ಪರಿಚಯವಿದ್ದ ಹಿರಿಯರೊಬ್ಬರು ಸುಶ್ರುತ ಸಂಹಿತೆಯಲ್ಲಿ ಪ್ರಮೇಹಕ್ಕೆ ಹೇಳಿರುವ ಚಿಕಿತ್ಸೆಯನ್ನು ವಿವರಿಸಿದರು. ಪ್ರಮೇಹದಲ್ಲಿ ಹುಟ್ಟಿನಿಂದ ಬಂದದ್ದು ಒಂದು, ಆಹಾರ ವಿಹಾರದ ತಪ್ಪಿನಿಂದ ಬಂದದ್ದು ಇನ್ನೊಂದು ಎಂದು ಆ ಗ್ರಂಥ ಆಗಲೇ ವಿಂಗಡಿಸಿದೆ. ಚಿಕಿತ್ಸೆಯ ಭಾಗದಲ್ಲಿ ನಡಿಗೆಯೂ ಇದೆ. ಹಣವಿಲ್ಲದ, ಬಂಧುಗಳಿಲ್ಲದ ರೋಗಿ ಚಪ್ಪಲಿ ಛತ್ರಿ ಬಿಟ್ಟು, ಭಿಕ್ಷೆ ಉಂಡು, ಒಂದು ಊರಲ್ಲಿ ಒಂದೇ ರಾತ್ರಿ ತಂಗುತ್ತ, ಮುನಿಯಂತೆ ನೂರು ಯೋಜನಕ್ಕೂ ಹೆಚ್ಚು ನಡೆಯಬೇಕಂತೆ. ಯೋಜನವನ್ನು ಎಂಟು ಮೈಲಿ ಎಂದು ಹಿಡಿದರೂ ಎಂಟುನೂರು ಮೈಲಿ! ಶ್ರೀಮಂತನಾದರೆ ಸಾಮೆಯಂಥ ಕಾಡುಧಾನ್ಯ, ನೆಲ್ಲಿ, ಬೇಲದ ಹಣ್ಣು ತಿಂದು ಜಿಂಕೆಗಳ ಜೊತೆ ಇರಬೇಕು. ಮತ್ತೆ ಕೆಲವರು ಬಿಡದೆ ಬೇಸಾಯ ಮಾಡಬೇಕು, ಇಲ್ಲವೆ ಬಾವಿ ತೋಡಬೇಕು.

ಕೇಳಿ ಬೆರಗಾದೆ. ಎರಡು ಸಾವಿರ ವರ್ಷಗಳಷ್ಟು ಹಳೆಯದೆನ್ನುವ ಈ ಮಾತಿನ ತಿರುಳು ಇವತ್ತಿಗೂ ಸರಿ. ಬರಿಗಾಲು ಎಂಬುದೊಂದನ್ನು ಮಾತ್ರ ಇವತ್ತಿನ ವೈದ್ಯರು ಒಪ್ಪುವುದಿಲ್ಲ, ಅವ್ವನ ಪಾದ ಕಂಡ ನಾನೂ ಒಪ್ಪುವುದಿಲ್ಲ. ಆಮೇಲೆ ಇನ್ನೊಂದು ಯೋಚನೆ ಬಂತು. ಬಡವನಿಗೆ ಒಂದು, ಶ್ರೀಮಂತನಿಗೆ ಒಂದು, ಬೇಸಾಯದವನಿಗೆ ಒಂದು ಚಿಕಿತ್ಸೆ ಇದೆ. ಒಲೆ ಹೊತ್ತಿಸಿಟ್ಟು, ತೊಟ್ಟಿಲಲ್ಲಿ ಮಗುವಿಟ್ಟು ಕೂತ ಹೆಣ್ಣಿಗೆ ಯಾವುದು? ಅವಳು ಭಿಕ್ಷೆ ಉಣ್ಣುತ್ತ ನೂರು ಯೋಜನ ಹೋಗಲಾರಳು, ಜಿಂಕೆಗಳ ಜೊತೆಗೂ ಹೋಗಲಾರಳು. ಇನ್ನು ಬಾವಿ ತೋಡುವ ಮಾತು ನನ್ನನ್ನು ಬಹಳ ಕಾಡಿತು. ಬಾವಿ ತೋಡಿದವನ ರೋಗವೂ ಇಳಿಯಿತು, ಊರಿಗೆ ನೀರೂ ಆಯಿತು. ಹೊಲದ ಹಾದಿಯಲ್ಲಿ ಹೋಗಿ ಬಂದು ನಾನು ಊರಿಗೆ ಏನು ಕೊಟ್ಟೆ? ಕಾಯಕವೆಂದರೆ ದುಡಿದು ಹಂಚುವುದು ಎಂದು ಶರಣರ ನಾಡಿನಲ್ಲಿ ಹುಟ್ಟಿದ ನಮಗೆ ಗೊತ್ತು. ಏನನ್ನೂ ಬೆಳೆಯದ, ಏನನ್ನೂ ತರದ ಈ ನಡಿಗೆ ಕಾಯಕವಾದೀತೇ?

ಈ ಪ್ರಶ್ನೆಯನ್ನು ನನ್ನ ಮುಖಕ್ಕೆ ಎಸೆದವಳು ಒಬ್ಬ ಕೂಲಿ ಹೆಣ್ಣುಮಗಳು.

ನಾನು ಸಂಜೆ ಹೊರಡುವ ಹೊತ್ತಿಗೆ ಹೊಲದ ಕೆಲಸ ಮುಗಿಸಿ ಹೆಂಗಸರು ಊರಿಗೆ ತಿರುಗುತ್ತಿರುತ್ತಾರೆ. ಗೋವಿನಜೋಳದ ಕಳೆ ತೆಗೆಯುವುದು, ಹತ್ತಿ ಬಿಡಿಸುವುದು, ಹಂಗಾಮಿಗೆ ತಕ್ಕ ಕೆಲಸ. ತಲೆಯ ಮೇಲೆ ಮೇವಿನ ಹೊರೆ. ಅವರು ಊರಿನ ಕಡೆಗೆ, ನಾನು ಹೊಲದ ಕಡೆಗೆ. ನನ್ನ ಓಣಿಯವಳೇ ಒಬ್ಬಳು, ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ನಡೆಯುವ ಕಾರಣ ಅವಳಿಗೆ ಹೇಗೋ ತಿಳಿದಿತ್ತು. ಒಂದು ದಿನ ನಗುತ್ತ, ‘ಯಕ್ಕಾ, ನಿಮಗ ನಡೀರಿ ಅಂತ ಡಾಕ್ಟರ್ ಹೇಳ್ಯಾರ, ನಮಗ ಹೊಟ್ಟಿ ಹೇಳೈತಿ’ ಎಂದಳು. ಜೊತೆಯವರೆಲ್ಲ ನಕ್ಕರು. ಅವಳ ಮಾತಿನಲ್ಲಿ ಕುಹಕವಿರಲಿಲ್ಲ. ಆದರೂ ಉಂಡ ಅನ್ನ ಕರಗಿಸಲು ನಡೆಯುವವಳಿಗೂ ಅನ್ನಕ್ಕಾಗಿ ನಡೆಯುವವಳಿಗೂ ಒಂದೇ ಹಾದಿಯಲ್ಲಿ ಕಣ್ಣು ಕೂಡಿದಾಗ ನಾಚಿಕೆಯಾಗುವುದು ಯಾರಿಗೆ ಎಂದು ನಿಮಗೆ ಗೊತ್ತೇ ಇದೆ. ಮುಂದೆ ಎಂಟು ದಿನ ನಾನು ಆ ಹಾದಿ ಬಿಟ್ಟು ಬೇರೆ ಹಾದಿ ಹಿಡಿದೆ.

ತಿರುಗಿ ಆ ಹಾದಿಗೆ ಬಂದಾಗ ಅವಳು ಎಲ್ಲರಿಗಿಂತ ಹಿಂದೆ, ಕುಂಟುತ್ತ ಬರುತ್ತಿದ್ದಳು. ಮುಳ್ಳು ಮುರಿದಿರಬೇಕು ಎಂದುಕೊಂಡೆ. ಮರುದಿನವೂ ಕುಂಟುತ್ತಿದ್ದಳು. ಮೂರನೆಯ ದಿನವೂ. ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ಹೊಟ್ಟೆ ಹೇಳಿದ ಮಾತು ಇನ್ನೂ ಚುಚ್ಚುತ್ತಿತ್ತು. ದೊಡ್ಡಸ್ತಿಕೆ ತೋರಿಸಿದ ಹಾಗಾದೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹತ್ತು ಹನ್ನೆರಡು ದಿನ ಹೀಗೆ ಅವಳು ಕುಂಟುವುದನ್ನು ನೋಡುತ್ತ, ನನ್ನ ಅರ್ಧ ತಾಸು ಮುಗಿಸಿ ಮನೆಗೆ ಬಂದೆ. ನಡಿಗೆ ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ಕೊನೆಗೆ ಒಂದು ಸಂಜೆ ಅವಳು ಕಲ್ಲಿನ ಮೇಲೆ ಕೂತಿದ್ದಳು. ನಾನೂ ಪಕ್ಕಕ್ಕೆ ಕೂತೆ. ‘ಕಾಲಿಗೇನಾಗೈತವ್ವಾ?’ ಎಂದೆ. ‘ಏನಿಲ್ರೀ, ಕೂಳಿ ತಾಗಿತ್ತು, ನೋವೇನಿಲ್ಲ’ ಎಂದಳು. ಜೋಳ ಕೊಯ್ದ ಹೊಲದಲ್ಲಿ ಉಳಿದ ಮೋಟು ದಂಟು ಅಂಗಾಲಿಗೆ ತಾಗಿತ್ತು. ನೋವಿಲ್ಲ ಎಂಬ ಮಾತು ಕೇಳಿ ನನ್ನ ಎದೆ ಧಸಕ್ಕೆಂದಿತು. ಅವಳ ಪಾದ ಹಿಡಿದು ತಿರುಗಿಸಿ ನೋಡಿದೆ. ಅವ್ವನ ಕಾಲು ಕಂಡ ಹಾಗಾಯಿತು.

ಮರುದಿನ ಶಾಲೆಗೆ ರಜೆ ಹಾಕಿ ಅವಳನ್ನು ದವಾಖಾನೆಗೆ ಕರೆದುಕೊಂಡು ಹೋದೆ. ಅವಳ ಸಕ್ಕರೆ ನನ್ನದಕ್ಕಿಂತ ಹೆಚ್ಚಿತ್ತು. ಎಷ್ಟು ವರ್ಷದಿಂದ ಇತ್ತೋ. ಜೀವಮಾನವಿಡೀ ನಡೆದು ದುಡಿದವಳಿಗೆ ಇದು ಹೇಗೆ ಬಂತು ಎಂದು ನಾನು ಕೇಳಿದೆ. ವಂಶದಲ್ಲಿದ್ದರೆ ಬರುತ್ತದೆ, ಹೆಚ್ಚಾಗಿ ಅನ್ನದ ಮೇಲೆಯೇ ಹೊಟ್ಟೆ ತುಂಬಿಸಿಕೊಂಡರೂ ಏರುತ್ತದೆ, ನಡಿಗೆ ಅಪಾಯವನ್ನು ತಗ್ಗಿಸುತ್ತದೆ, ಅಳಿಸಿಹಾಕುವುದಿಲ್ಲ ಎಂದರು. ಇದು ಶ್ರೀಮಂತರ ರೋಗ, ಸೋಮಾರಿಗಳ ರೋಗ, ಸಿಹಿ ತಿಂದವರಿಗೆ ಬಂದ ಶಿಕ್ಷೆ ಎಂಬ ಮಾತುಗಳನ್ನೆಲ್ಲ ನಾನು ಅಂದೇ ಬಿಟ್ಟೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ನಮ್ಮ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಹತ್ತು ಕೋಟಿ ದಾಟಿದೆ ಎಂದು ಅದು ಅಂದಾಜು ಮಾಡಿದೆ. ಹತ್ತು ಕೋಟಿ ಜನ ಒಟ್ಟಿಗೆ ತಪ್ಪು ಮಾಡಿದರೆಂದು ಹೇಳುವುದು ನ್ಯಾಯವೇ? ರೋಗ ಶಿಕ್ಷೆಯಲ್ಲ. ನಡಿಗೆಯೂ ಪ್ರಾಯಶ್ಚಿತ್ತವಲ್ಲ.

ಅವಳ ಕಾಲು ಉಳಿಯಿತು. ಗಾಯ ಮಾಯಲು ಎರಡೂವರೆ ತಿಂಗಳು ಹಿಡಿಯಿತು. ಆ ಕಾಲಿನ ಮೇಲೆ ಭಾರ ಹಾಕಬಾರದೆಂದು ಹೇಳಿದ್ದರಿಂದ ಸುಗ್ಗಿಯ ಕೂಲಿಯೆಲ್ಲ ಹೋಯಿತು. ಸಂಘದಲ್ಲಿ ಸಾಲ ಮಾಡಿದಳು. ನಾನು ಮೊದಲ ದಿನವೇ ಕೇಳಿದ್ದರೆ? ಇಷ್ಟು ದಿನ ಹಿಡಿಯುತ್ತಿರಲಿಲ್ಲವೇನೋ. ಅವಳು ಇದನ್ನು ಯಾವತ್ತೂ ಎತ್ತಿ ಆಡಿಲ್ಲ. ನಾನು ಕುಂಟುವುದನ್ನು ನೋಡಿಯೂ ಹಾದುಹೋದದ್ದು ಅವಳಿಗೆ ಗೊತ್ತಿರಲೇಬೇಕು. ನಾನು ಕೊಡಿಸಿದ ಮುಚ್ಚಿದ ಚಪ್ಪಲಿಯ ದುಡ್ಡನ್ನು ಕೂಲಿ ಸುರುವಾದ ಮೇಲೆ ಮೂರು ಕಂತಿನಲ್ಲಿ ತಂದುಕೊಟ್ಟಳು. ಬೇಡವೆಂದರೂ ಕೇಳಲಿಲ್ಲ. ‘ಹೊಲಕ್ಕ ಮೆಟ್ಟಿಕೊಂಡು ಹೋಗೂದು ನನ್ನ ಕಾಲಲ್ರೀ ಯಕ್ಕಾ?’ ಎಂದಳು.

ಈಗ ಬಾವಿಯ ಪ್ರಶ್ನೆಗೆ ಬರುತ್ತೇನೆ. ನನ್ನ ನಡಿಗೆಯಿಂದ ಊರಿಗೆ ಏನು ಬಂತು? ‘ನೀನು ನಡೆಯುತ್ತಿದ್ದುದರಿಂದಲೇ ಅವಳ ಕಾಲು ಉಳಿಯಿತು’ ಎಂದು ನನ್ನ ಗೆಳತಿಯೊಬ್ಬಳು ಹೇಳುತ್ತಾಳೆ. ಆ ಮಾತು ಹಿತವಾಗಿದೆ. ಆದರೆ ಹನ್ನೆರಡು ದಿನ ನಡೆದೂ ನಾನು ಕೇಳಿರಲಿಲ್ಲವಲ್ಲ! ಕಾಲು ಉಳಿಸಿದ್ದು ನಡಿಗೆಯಲ್ಲ, ಹದಿಮೂರನೆಯ ದಿನ ನಿಂತು ಪಕ್ಕಕ್ಕೆ ಕೂತದ್ದು. ಹಾಗಾಗಿ ನನ್ನ ತೀರ್ಮಾನ ಇಷ್ಟು. ನನ್ನ ದೇಹಕ್ಕಾಗಿ ನಾನು ನಡೆಯುವುದರಲ್ಲಿ ತಪ್ಪಿಲ್ಲ, ಅದಕ್ಕೆ ಇನ್ನೊಬ್ಬರ ಲಾಭದ ರಸೀದಿ ಬೇಕಿಲ್ಲ. ಆದರೆ ಹಾದಿ ನನ್ನೊಬ್ಬಳದಲ್ಲ. ನನ್ನ ಪಾದವನ್ನು ದಿನಾ ರಾತ್ರಿ ದೀಪದ ಬೆಳಕಿನಲ್ಲಿ ತಿರುಗಿಸಿ ನೋಡಿಕೊಳ್ಳುವುದು ಎಷ್ಟು ಸರಿಯೋ, ಎದುರಿಗೆ ಕುಂಟುತ್ತ ಬರುವವಳ ಪಾದವನ್ನು ನೋಡದೆ ಹೋಗುವುದು ಅಷ್ಟೇ ತಪ್ಪು. ಇವೆರಡೂ ಒಂದಕ್ಕೊಂದು ವಿರೋಧವೆಂದು ನಾನು ತಿಳಿದಿದ್ದೆ. ವಿರೋಧವಲ್ಲ. ಅವ್ವ ತನ್ನ ಕಾಲು ನೋಡಿಕೊಳ್ಳಲಿಲ್ಲ, ನಾನು ಅವಳ ಕಾಲು ನೋಡಲಿಲ್ಲ. ಎರಡೂ ಒಂದೇ ಮನೆಯಲ್ಲಿ ನಡೆದ ಮರೆವು.

ನಮ್ಮೂರಿನ ಮಣ್ಣು ನಡೆದವರಿಗೆ ಹೊಸದಲ್ಲ. ಏಕಾಂತದ ರಾಮಯ್ಯ ಆಳಂದದಿಂದ ಹುಲಿಗೆರೆಗೆ, ಹುಲಿಗೆರೆಯಿಂದ ಇಲ್ಲಿಗೆ ಬಂದನೆಂದು ಸೋಮೇಶ್ವರ ಗುಡಿಯ ಶಾಸನ ಹೇಳುತ್ತದೆ. ಶಾಸನಕ್ಕೆ ಎಂಟುನೂರು ವರ್ಷವಾಯಿತು. ಆಗ ಬಸ್ಸೆಲ್ಲಿತ್ತು? ಸರ್ವಜ್ಞನ ತಾಯಿ ಕುಂಬಾರ ಮಾಳಿ ಈ ಊರಿನವಳೇ ಎಂದು ಹಿಂದಿನಿಂದ ಹೇಳಿಕೆ. ಅವನು ಮನೆ ಮಠವಿಲ್ಲದೆ ನಾಡೆಲ್ಲ ತಿರುಗಿದವನು. ತಿರುಗಿದ ಮಗನ ಮಾತುಗಳು ನಮ್ಮ ಬಾಯಲ್ಲಿವೆ, ಮಣ್ಣು ತುಳಿದು ಗಡಿಗೆ ಮಾಡಿದ ತಾಯಿಯ ಮಾತು ಒಂದೂ ಉಳಿದಿಲ್ಲ. ಪಕ್ಕದ ಶಿಕಾರಿಪುರ ತಾಲ್ಲೂಕಿನ ಉಡುತಡಿಯಿಂದ ಹೊರಟ ಅಕ್ಕಮಹಾದೇವಿ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ನಡೆದಳು. ಅವಳನ್ನು ಎಷ್ಟು ಜನ ‘ಎಲ್ಲಿಗೆ ಹೊಂಟಿ?’ ಎಂದು ಕೇಳಿರಬೇಕು! ಅವಳ ಹೆಸರು ಹೇಳುವ ಯೋಗ್ಯತೆ ನನ್ನ ಅರ್ಧ ತಾಸಿಗಿಲ್ಲ. ಆದರೂ ಹೊಸ್ತಿಲಲ್ಲಿ ಕಾಲು ತಡೆದ ಸಂಜೆ ಅವಳು ನೆನಪಾಗುತ್ತಾಳೆ.

ಒಂದು ಸಂಜೆ ಕಟ್ಟೆಯವರು ಕೇಳಿದಾಗ ‘ವಾಕಿಂಗ್ ಹೊಂಟೀನ್ರಿ, ಶುಗರ್ ಐತಿ’ ಎಂದೆ. ಆಕಾಶವೇನೂ ಕಳಚಿ ಬೀಳಲಿಲ್ಲ. ಕಟ್ಟೆಯ ಮೇಲಿದ್ದ ಅಜ್ಜ ಒಬ್ಬರು, ‘ನನಗೂ ಐತ್ರಿ’ ಎಂದರು. ವಾರದೊಳಗೆ ಓಣಿಯ ಇಬ್ಬರು ಹೆಂಗಸರು ಜೊತೆಯಾದರು. ಈಗ ನಾಲ್ಕು ಜನ ಇದ್ದೇವೆ. ಒಬ್ಬಾಕೆಗೆ ಸಕ್ಕರೆ ಇಲ್ಲ. ಯಾಕೆ ಬರುತ್ತೀ ಎಂದರೆ ‘ಮನಿಯಿಂದ ಹೊರಗ ಬರಾಕ’ ಎನ್ನುತ್ತಾಳೆ. ಅದಕ್ಕಿಂತ ಒಳ್ಳೆಯ ಕಾರಣ ನಮ್ಮ ಮೂವರಲ್ಲಿ ಯಾರಲ್ಲೂ ಇಲ್ಲ. ನಡೆಯುವ ವೇಗಕ್ಕೆ ನಮ್ಮದೊಂದು ಅಳತೆ ಇದೆ. ಮಾತಾಡಲು ಬರಬೇಕು, ಹಾಡಲು ಬರಬಾರದು. ಮಾತಿಗಂತೂ ಕೊರತೆಯಿಲ್ಲ.

ಚೀಲ ಈಗಲೂ ಹಿಡಿದುಕೊಂಡು ಹೋಗುತ್ತೇನೆ, ಆದರೆ ಖಾಲಿಯಲ್ಲ. ನೀರಿನ ಬಾಟಲಿ, ಒಂದು ಪೊಟ್ಟಣ ಸಕ್ಕರೆ, ಬ್ಯಾಟರಿ ಇರುತ್ತವೆ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ, ಕೆಲವು ಬಗೆಯ ಗುಳಿಗೆ ತೆಗೆದುಕೊಳ್ಳುವವರಿಗೆ ನಡೆಯುವಾಗ ಸಕ್ಕರೆ ತೀರಾ ಇಳಿದು ಬೆವರು, ನಡುಕ, ಕಣ್ಣು ಕತ್ತಲೆ ಬರುವುದುಂಟು. ಆಗ ಕೂಡಲೇ ಸಕ್ಕರೆ ತಿನ್ನಬೇಕು. ಸಕ್ಕರೆ ಕಾಯಿಲೆಯವರೇ ಚೀಲದಲ್ಲಿ ಸಕ್ಕರೆ ಇಟ್ಟುಕೊಳ್ಳುವುದನ್ನು ನೋಡಿ ಆರನೆಯ ತರಗತಿಯ ಆ ಹುಡುಗಿಗೆ (ಈಗ ಅವಳು ಹೈಸ್ಕೂಲು) ನಗು ತಡೆಯಲಾಗಲಿಲ್ಲ. ಅವಳಿಗೆ ಅಂದು ಕೊಡದ ಉತ್ತರವನ್ನು ಕೊಟ್ಟೆ. ಸುಳ್ಳು ಹೇಳುತ್ತಿದ್ದೆ ಎಂದೂ ಹೇಳಿದೆ. ‘ಅಕ್ಕಾರೂ ಸುಳ್ಳು ಹೇಳ್ತಾರೇನ್ರೀ?’ ಎಂದು ಕೇಳಿದಳು. ‘ನಾಚಿಕಿ ಆದಾಗ ಹೇಳ್ತಾರವ್ವಾ’ ಎಂದೆ.

ನವೆಂಬರ್ 14 ಶಾಲೆಯಲ್ಲಿ ಮಕ್ಕಳ ದಿನಾಚರಣೆ. ಅದೇ ದಿನ ವಿಶ್ವ ಮಧುಮೇಹ ದಿನವೂ ಹೌದು. 1921ರಲ್ಲಿ ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಬ್ಯಾಂಟಿಂಗ್ 1891ರಲ್ಲಿ ಹುಟ್ಟಿದ್ದು ಆ ದಿನ. ಈಗ ನಾನು ಪ್ರತಿವರ್ಷ ನೆಹರೂ ಅವರ ವಿಷಯ ಹೇಳಿದ ಮೇಲೆ ಮಕ್ಕಳಿಗೆ ಒಂದು ಮನೆಗೆಲಸ ಕೊಡುತ್ತೇನೆ. ಮನೆಗೆ ಹೋಗಿ ಅವ್ವನ, ಅಜ್ಜಿಯ ಪಾದ ನೋಡಿ ಬರಬೇಕು. ಗಾಯ ಇದೆಯೇ, ಬಿರುಕು ಇದೆಯೇ, ಮುಟ್ಟಿದರೆ ತಿಳಿಯುತ್ತದೆಯೇ? ಹೋದ ವರ್ಷ ಒಬ್ಬ ಹುಡುಗ ಮರುದಿನ ಬಂದು, ‘ನಮ್ಮವ್ವ ಕಾಲು ಮುಟ್ಟಗೊಡವಲ್ಲಳ್ರೀ, ನಾಚಿಕೊಂತಾಳ’ ಎಂದ. ‘ಇವತ್ತ ಮತ್ತ ಕೇಳು’ ಎಂದು ಕಳಿಸಿದೆ.

ನಿನ್ನೆ ಸಂಜೆ ಪರಊರಿನಿಂದ ಮಗಳ ಮನೆಗೆ ಬಂದಿದ್ದ ಮುದುಕಿಯೊಬ್ಬಳು ನಮ್ಮ ನಾಲ್ವರನ್ನು ನಿಲ್ಲಿಸಿ, ‘ಎಲ್ಲಿಗೆ ಹೊಂಟ್ರಬೇ ಎಲ್ಲಾರೂ ಕೂಡಿ?’ ಎಂದು ಕೇಳಿದಳು. ‘ಎಲ್ಲಿಗೂ ಇಲ್ಲಬೇ ಆಯಿ, ಹೋಗಿ ಹೊಳ್ಳಿ ಮನೀಗೇ ಬರ್ತೀವಿ’ ಎಂದೆ. ಅವಳು ನಮ್ಮನ್ನೊಮ್ಮೆ, ಮುಂದಿನ ಹಾದಿಯನ್ನೊಮ್ಮೆ ನೋಡಿದಳು. ‘ಹಂಗಾರ ನಡೀರಿ, ಆ ಮರದ ತನಕ ನಾನೂ ಬರ್ತೀನಿ’ ಎಂದು ಕೋಲು ಊರಿಕೊಂಡು ಹೊರಟಳು.